ನನ್ನ ಪಾಲಿನ ಹಾಲು

ಪಂಚಮಿಯ ದಿನ ಹುತ್ತದ ಮುಂದೆ ನಮ್ಮ ಸುಮಾ ಮಾಡಿದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓಣಿಯಲ್ಲಿ ಈಗ ಆ ಸುದ್ದಿಗೆ ಕೋಡು ಬಾಲ ಎರಡೂ ಬಂದಿವೆ. ಒಬ್ಬಳು ನಾಗಪ್ಪನ ಮಹಿಮೆ ಎನ್ನುತ್ತಾಳೆ. ಇನ್ನೊಬ್ಬಳು, ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನೇ ನೋಡಿದೆ ಎನ್ನುತ್ತಾಳೆ. ನೀರೂ ಇರಲಿಲ್ಲ, ಮಹಿಮೆಯೂ ಇರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಸಿಟ್ಟು ಬಂತು, ಕೈಯಲ್ಲಿದ್ದ ಹಾಲು ಸುರಿದಳು, ಅಷ್ಟೇ. ಅದರಿಂದ ನಮ್ಮ ಮನೆಯ ದೊಡ್ಡ ತೊಡಕೊಂದು ಬಿಡಿಸಿಕೊಂಡಿತು ಎನ್ನುವುದು ಬೇರೆ ಮಾತು. ನಮ್ಮ ಎಮ್ಮೆ ಹಗ್ಗ ಹರಿದುಕೊಂಡು ಓಡಿದಾಗಲೂ ಒಮ್ಮೊಮ್ಮೆ ನೆಟ್ಟಗೆ ಮನೆಗೇ ಬಂದು ನಿಲ್ಲುತ್ತದೆ. ಹಾಗಂತ ಅದಕ್ಕೆ ಯಾರೂ ಹಾರ ಹಾಕುವುದಿಲ್ಲ.

ನಮ್ಮದು ಕುಷ್ಟಗಿ. ಮಗ ಶರಣಪ್ಪ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನ ಮೊದಲನೆಯ ಮದುವೆ ಕೋರ್ಟಿನಲ್ಲಿ ಮುಗಿಯಿತು. ನಮ್ಮ ಕಡೆ ಅದಕ್ಕೆ ಸೋಡಚೀಟಿ ಎನ್ನುತ್ತೇವೆ. ಹೊಡೆದಾಟವಿಲ್ಲ, ಬೈದಾಟವಿಲ್ಲ, ಇಬ್ಬರೂ ಒಬ್ಬರಿಗೊಬ್ಬರು ಬೇಡವಾಗಿದ್ದರು. ತಪ್ಪು ಯಾರದು ಎಂದು ಓಣಿಯವರು ಬಹಳ ದಿನ ಕೇಳಿದರು. ಒಂದು ಎತ್ತು ಎಡಕ್ಕೆ, ಒಂದು ಬಲಕ್ಕೆ ಎಳೆದರೆ ತಪ್ಪು ಎತ್ತಿನದಲ್ಲ, ಹೂಡಿದವನದು ಎಂದೆ. ಹೂಡಿದವರು ನಮ್ಮ ಯಜಮಾನರು. ಅವರು ತೀರಿಕೊಂಡಿದ್ದಾರೆ, ಹೋಗಿ ಕೇಳಲು ಯಾರಿಗೂ ಧೈರ್ಯವಾಗಲಿಲ್ಲ. ಆ ಸೊಸೆ ಈಗ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ನರ್ಸ್. ಸೊಸೆಯಾಗಿದ್ದಾಗ ನನ್ನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಈಗ ಫೋನಿನಲ್ಲಿ ಆಡುತ್ತಾಳೆ. ಮಗಳು ಸುಮಾ ಶಾಲೆ ಇರುವಾಗ ನಮ್ಮ ಹತ್ತಿರ, ಸೂಟಿಯಲ್ಲಿ ಅವ್ವನ ಹತ್ತಿರ.

ಹೋದ ವರ್ಷ ಶರಣಪ್ಪ ಮತ್ತೆ ಮದುವೆಯಾದ. ಮೊದಲನೆಯದಕ್ಕಿಂತ ಜನ ಕಡಿಮೆ, ಊಟ ಮಾತ್ರ ಚೆನ್ನಾಗಿತ್ತು. ಹೊಸ ಸೊಸೆ ರೇಣುಕಾ ಯಲಬುರ್ಗಾದವಳು. ಅವಳೂ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಬಂದವಳೇ. ಮನೆಯಲ್ಲೇ ಮಶಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾಳೆ. ಅವಳ ಮಗ ಮಲ್ಲು, ಹನ್ನೊಂದು ವರ್ಷದವನು, ಶಾಲೆಯ ವರ್ಷ ಮುಗಿಯಲಿ ಎಂದು ಅಜ್ಜನ ಮನೆಯಲ್ಲೇ ಇದ್ದ. ಈ ಸಲ ಶಾಲೆ ಶುರುವಾಗುವಾಗ ಒಂದು ಚೀಲ, ಒಂದು ಕ್ರಿಕೆಟ್ ಬ್ಯಾಟು ಹಿಡಿದು ನಮ್ಮ ಮನೆಗೆ ಬಂದ. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಅಮ್ಮ. ಮಕ್ಕಳಿಬ್ಬರೂ ನನಗೆ ಅಮ್ಮ ಎನ್ನುತ್ತಾರೆ. ಸುಮಾ ರೇಣುಕಾಳಿಗೆ ಚಿಗವ್ವ ಎನ್ನುತ್ತಾಳೆ, ಮಲ್ಲು ಶರಣಪ್ಪನಿಗೆ ಕಾಕಾ ಎನ್ನುತ್ತಾನೆ. ಇವರಿಬ್ಬರು ಒಬ್ಬರಿಗೊಬ್ಬರು ಏನೂ ಅನ್ನುತ್ತಿರಲಿಲ್ಲ.

ಇಲ್ಲಿ ನಾನೊಂದು ಶಾಣ್ಯಾತನ ಮಾಡಿದೆ. ಸ್ವಂತ ಮೊಮ್ಮಗಳಿಗೆ ಒಂದು, ಬಂದವನಿಗೆ ಒಂದು ಎಂದು ಓಣಿ ಬಾಯಿ ತೆರೆಯುವ ಮೊದಲೇ ಅದಕ್ಕೆ ಬೀಗ ಹಾಕಬೇಕೆಂದು ಮನೆಯಲ್ಲಿ ಎಲ್ಲವನ್ನೂ ಜೋಡಿ ಮಾಡಿಬಿಟ್ಟೆ. ಎರಡು ತಾಟು, ಎರಡು ಬಕೇಟು, ಎರಡು ಸಾಬೂನು. ಶರಣಪ್ಪ ಯಾವುದೋ ಕೆಲಸಕ್ಕೆ ಕಿನ್ನಾಳಕ್ಕೆ ಹೋದವನು ಬಣ್ಣ ಬಳಿದ ಕಟ್ಟಿಗೆಯ ಗಿಳಿಯೊಂದನ್ನು ತಂದ. ಬಾಗಿಲಲ್ಲೇ ನಿಲ್ಲಿಸಿ, ‘ಇನ್ನೊಂದ ತಗೊಂಡ ಒಳಗ ಬಾ’ ಎಂದು ವಾಪಸು ಕಳಿಸಿದೆ. ಎರಡನೆಯ ಗಿಳಿ ಬಂದ ಮೇಲೆ ಸುಮಾ ಎರಡನ್ನೂ ಹೊಸ್ತಿಲ ಮೇಲೆ ಕೂರಿಸಿ ಬೆರಳಿನಿಂದ ಅಳೆದು, ‘ಅವಂದ ಕೊಕ್ಕ ಉದ್ದ ಐತಿ’ ಎಂದಳು. ಮಲ್ಲು ತನ್ನದನ್ನೂ ಅವಳ ಕಡೆ ಸರಿಸಿ, ‘ಎರಡೂ ಆಕೀನ ಇಟ್ಕೊಳ್ಳಿ ಬಿಡ್ರಿ ಅಮ್ಮ’ ಎಂದ. ಸುಮಾಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜಗಳಕ್ಕೆ ಬಾರದವನ ಜೊತೆ ಜಗಳವಾಡುವುದೆಂದರೆ ಗಾಳಿಯನ್ನು ಒನಕೆಯಿಂದ ಕುಟ್ಟಿದ ಹಾಗೆ.

ಆ ಹುಡುಗ ನಮ್ಮ ಮನೆಯಲ್ಲಿ ಬೀಗರ ಮನೆಗೆ ಊಟಕ್ಕೆ ಬಂದವನ ಹಾಗೆ ಇದ್ದ. ನೀರು ಕುಡಿಯಲೂ ಕೇಳುತ್ತಿದ್ದ. ರೊಟ್ಟಿ ಇನ್ನೊಂದು ಬೇಕೇನೋ ಎಂದರೆ ಸಾಕ್ರಿ ಎನ್ನುತ್ತಿದ್ದ. ಗಂಡುಹುಡುಗ ಎರಡನೆಯ ರೊಟ್ಟಿಗೆ ಸಾಕು ಎಂದರೆ ಅವನಿಗೆ ಜ್ವರ ಬಂದಿರಬೇಕು, ಇಲ್ಲವೇ ಮನೆ ತನ್ನದಲ್ಲ ಅನ್ನಿಸಿರಬೇಕು. ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಪಂಚಮಿಗೆಂದು ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲ ಮಾಡಿ ಎರಡು ಡಬ್ಬಿಗಳಲ್ಲಿ ಸಮಸಮ ತುಂಬಿಟ್ಟೆ. ಸುಮಾಳ ಡಬ್ಬಿ ಹಬ್ಬ ಬರುವ ಮೊದಲೇ ತಳ ಕಂಡಿತು. ಮಲ್ಲುವಿನ ಡಬ್ಬಿಯನ್ನು ತೆರೆದವರು ಇರುವೆಗಳು. ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿಯನ್ನೂ ಎರಡು ಕಟ್ಟಿಸಿದೆ. ಸುಮಾ ತನ್ನದರ ಮೇಲೆ ಒಬ್ಬಳೇ ಕಾಲು ಚಾಚಿ ತೂಗಿಕೊಳ್ಳುವಳು, ಸ್ವಲ್ಪ ಹೊತ್ತಿಗೆ ಬೇಸರವಾಗಿ ಇಳಿಯುವಳು. ಮಲ್ಲು ತನ್ನದರ ಹತ್ತಿರವೂ ಹೋಗಲಿಲ್ಲ. ಕೋಳಿ ಬಂದು ಕುಳಿತುಕೊಳ್ಳುತ್ತಿತ್ತು. ಜೋಕಾಲಿಗೆ ಹಗ್ಗ, ಹಲಗೆಗಿಂತ ಮೊದಲು ಹಿಂದೆ ನಿಂತು ನೂಕುವವರು ಬೇಕು ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಸಮ ಮಾಡುವ ಭರದಲ್ಲಿ ಮರೆತಿದ್ದೆ.

ಹಬ್ಬದ ಹಿಂದಿನ ದಿನ ರೇಣುಕಾಳ ಅಪ್ಪ ಯಲಬುರ್ಗಾದಿಂದ ಬಂದರು. ಒಳ್ಳೆಯ ಮನುಷ್ಯರು. ಒಳ್ಳೆಯ ಮನುಷ್ಯರ ತೊಂದರೆ ಏನೆಂದರೆ ಅವರ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ. ಚಹಾ ಕುಡಿದು ಕಪ್ಪು ಕೆಳಗಿಟ್ಟು, ‘ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಹುಡುಗ ಇಲ್ಲಿ ಹೊಂದ್ಕೊಂಡಂಗ ಕಾಣಂಗಿಲ್ಲ. ಹಬ್ಬ ಮುಗಿಸ್ಕೊಂಡು ನಾಳೆ ನಮ್ಮೂರಿಗೇ ಕರ್ಕೊಂಡು ಹೊಕ್ಕೇನಿ. ಅಲ್ಲೇ ಓದ್ಲಿ’ ಎಂದರು.

‘ಹುಡುಗ ಏನಂತಾನ್ರಿ?’ ಎಂದೆ.

ಮಲ್ಲುವನ್ನು ಕರೆದು ಕೇಳಿದರು. ‘ನೀವು ಹೆಂಗ ಹೇಳ್ತೀರಿ ಹಂಗ್ರಿ’ ಎಂದ. ನನ್ನ ಮೈ ಉರಿಯಿತು. ಹೋಗುತ್ತೇನೆ ಎಂದಿದ್ದರೆ ಬೈಯಬಹುದಿತ್ತು, ಇರುತ್ತೇನೆ ಎಂದಿದ್ದರೆ ಉಂಡಿ ಕೊಡಬಹುದಿತ್ತು. ಇದಕ್ಕೆ ಏನು ಮಾಡುವುದು?

ಒಳಗೆ ರೇಣುಕಾ ಮಶಿನ್ ತುಳಿಯುತ್ತಿದ್ದಳು. ಹೋಗಿ ನೋಡಿದರೆ ಸೂಜಿಯಲ್ಲಿ ದಾರವೇ ಇಲ್ಲ, ಬಟ್ಟೆಯ ಮೇಲೆ ಬರೀ ತೂತು ಬೀಳುತ್ತಿದ್ದವು. ‘ಅದು ಎದುರುಮನಿ ನೀಲಮ್ಮನ ಬ್ಲೌಸು, ಸೊಳ್ಳಿಪರದೆ ಅಲ್ಲ’ ಎಂದೆ. ಕಾಲು ನಿಲ್ಲಿಸಿದಳು. ‘ಅತ್ತೀ, ನಾ ಈ ಮದ್ವಿ ಮಾಡ್ಕೊಂಡಿದ್ದು ನನ್ನ ಮಗನ್ನ ಬಿಡಾಕಲ್ರಿ’ ಎಂದಳು. ‘ಮತ್ತ ನಿಮ್ಮಪ್ಪಗ ಹೇಳು’ ಎಂದೆ. ‘ಏನಂತ ಹೇಳ್ಲಿ? ಇಲ್ಲಿ ಅವಗ ಅವರ ಅದಾರ, ಇವರ ಅದಾರ ಅಂತ ಯಾರನ್ನ ತೋರಿಸ್ಲಿ? ನಾವೆಲ್ಲಾ ದೊಡ್ಡವರು. ಹುಡುಗರಿಗೆ ಹುಡುಗರು ಬೇಕ್ರಿ.’ ಓದಿದ ಸೊಸೆಯಂದಿರು ಹೇಳುವ ಮಾತಿಗೆ ನನ್ನ ಬಳಿ ಸಾಮಾನ್ಯವಾಗಿ ಉತ್ತರ ಇರುತ್ತದೆ.

ಉತ್ತರ ಇಲ್ಲದಾಗ ನಾನು ಲಂಚ ಕೊಡುತ್ತೇನೆ. ನಮ್ಮಲ್ಲಿ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವಾಗ ಸುಮ್ಮನೆ ಸುರಿಯುವುದಿಲ್ಲ. ತಂಬಿಗೆಯ ಹಾಲನ್ನು ಒಣಕೊಬ್ಬರಿ ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪ ಮೊಗೆದು, ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಹಾಕುತ್ತಾರೆ. ಯಾರ ಪಾಲು ಹಾಕಿದರೋ ಅವರು ಮನೆಯವರು. ಓಣಿಯ ಹೆಂಗಸರೆಲ್ಲ ಸುತ್ತ ನಿಂತು ಕೇಳುತ್ತಿರುತ್ತಾರೆ. ಬೇರೆಯವರ ಮನೆಯ ಲೆಕ್ಕ ಕೇಳುವಾಗ ನಮ್ಮ ಕಿವಿ ಬಹಳ ಚುರುಕು. ಸುಮಾಳನ್ನು ಅಡುಗೆಮನೆಗೆ ಕರೆದು, ‘ನಾಳೆ ಅಣ್ಣನ ಪಾಲು ಅಂತ ಒಂದ ಸಲ ಅಂದಬಿಡು. ನಿಮ್ಮಪ್ಪಗ ಇಟ್ಟಿದ್ದ ಬೇಸನ್ ಉಂಡಿ ಎಲ್ಲಾ ನಿನಗ’ ಎಂದೆ. ಅವಳು ಉಂಡಿಯನ್ನು ಮೊದಲು ತಿಂದಳು. ಬಾಯಿ ಒರೆಸಿಕೊಂಡು, ‘ನೋಡ್ತೀನಿ’ ಎಂದಳು. ಲಂಚವನ್ನು ಮುಂಗಡ ಕೊಡಬಾರದೆಂದು ಕಚೇರಿ ಅಲೆದ ನನ್ನ ಮಗ ಎಷ್ಟೋ ಸಲ ಹೇಳಿದ್ದ.

ಮರುದಿನ ಹೊಸ ಬಟ್ಟೆ ಹಾಕಿಕೊಂಡು ಹುತ್ತಕ್ಕೆ ಹೊರಟೆವು. ಇಬ್ಬರ ಕೈಗೂ ಒಂದೊಂದು ಸಣ್ಣ ತಂಬಿಗೆ, ಒಂದೇ ಮಟ್ಟಕ್ಕೆ ಹಾಲು. ನನ್ನ ಪಾಲನ್ನೂ ಈ ಮಕ್ಕಳೇ ಹಾಕುವುದರಿಂದ ನಾನು ಬರಿಗೈಯಲ್ಲಿದ್ದೆ. ರೇಣುಕಾಳ ಕೈಯಲ್ಲಿ ಅರಿಶಿನ, ಹೂವು, ಎಡೆಯ ತಾಟು. ಓಣಿಯ ತಿರುವಿನಲ್ಲಿ ಹಾಸುಗಲ್ಲೊಂದು ಎದ್ದಿದೆ. ಅದು ನಮ್ಮೂರಿನವರಿಗೆಲ್ಲ ಗೊತ್ತು, ಮಲ್ಲುವಿಗೆ ಗೊತ್ತಿರಲಿಲ್ಲ. ಎಡವಿದ. ಅವನು ಬೀಳಲಿಲ್ಲ, ತಂಬಿಗೆ ಬಿತ್ತು. ನಾಯಿಯೊಂದು ನಾಗಪ್ಪನಿಗಿಂತ ಮೊದಲು ಬಂತು.

ಹುತ್ತದ ಹತ್ತಿರ ಮಲ್ಲು ಖಾಲಿ ತಂಬಿಗೆಯನ್ನು ಬೆನ್ನ ಹಿಂದೆ ಹಿಡಿದು ನಿಂತ. ಸುಮಾ ಕುಕ್ಕರಗಾಲಲ್ಲಿ ಕುಳಿತು ಶುರು ಮಾಡಿದಳು. ದೇವರ ಪಾಲು, ಅಪ್ಪನ ಪಾಲು, ಕೊಪ್ಪಳದ ಅವ್ವನ ಪಾಲು, ಚಿಗವ್ವನ ಪಾಲು. ರೇಣುಕಾ ತಾಟಿನಲ್ಲಿದ್ದ ಹೂವನ್ನು ಸುಮ್ಮನೆ ಸರಿ ಮಾಡಿದಳು. ಆಮೇಲೆ ಸುಮಾ ಕೈ ತಡೆದಳು. ಬಟ್ಟಲು ತಂಬಿಗೆಯಲ್ಲೇ ಮುಳುಗಿತ್ತು. ನಾನು ಕೆಮ್ಮಿದೆ. ಅವಳು ನನ್ನ ಕಡೆ ನೋಡಲಿಲ್ಲ. ಬೇಸನ್ ಉಂಡಿ ಅಷ್ಟು ಹೊತ್ತಿಗೆ ಜೀರ್ಣವಾಗಿತ್ತು.

ಎದುರುಮನೆಯ ನೀಲಮ್ಮ ಇಂಥದಕ್ಕೇ ಕಾದವಳು. ಸೀರೆ ಸರಿ ಮಾಡಿಕೊಳ್ಳುತ್ತ ಮಲ್ಲುವಿಗೆ, ‘ಏನೋ ತಮ್ಮಾ, ನಿಂದ ಚೆಲ್ಲಿಹೋತಂತ? ಇರ್ಲಿ ಬಿಡು. ನಿನ್ನ ಪಾಲು ಇಲ್ಲಿ ಯಾಕ ಬೇಕು, ನಿಮ್ಮೂರ ಹುತ್ತಕ್ಕ ಹಾಕಿದ್ರ ಆತು. ಹೆಂಗೂ ಇವತ್ತ ಹೊಂಟಿಯಲ್ಲ’ ಎಂದಳು. ನಾಲ್ಕು ಜನ ನಕ್ಕರು. ಮಲ್ಲು ನೆಲ ನೋಡಿದ. ಈ ಓಣಿಯಲ್ಲಿ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಬಾಯಿ ಕಟ್ಟಿ ನಿಂತದ್ದು ನನಗೆ ನೆನಪಿಲ್ಲ, ಅವತ್ತು ನಿಂತೆ. ನಾನೇನಾದರೂ ಅಂದರೆ ಅದು ಮುದುಕಿಯ ಮಾತಾಗುತ್ತದೆ, ಹುಡುಗ ಸಂಜೆ ಬಸ್ಸು ಹತ್ತುತ್ತಾನೆ.

ಸುಮಾ ಎದ್ದು ನಿಂತಳು. ‘ಇವಂದು ಇಲ್ಲೇ ಐತ್ರಿ’ ಎಂದಳು. ‘ನಮ್ಮ ಮನೀ ಪಾಲು ನಿಮಗ್ಯಾಕ್ರಿ ಬೇಕು? ನಿಮ್ಮದು ನೀವು ಹಾಕ್ಕೋರಿ.’ ಬಟ್ಟಲನ್ನು ಬಿಟ್ಟು ತಂಬಿಗೆಯನ್ನೇ ಎತ್ತಿ, ‘ಇದ ಪೂರಾ ಮಲ್ಲೂಂದ ಪಾಲು’ ಎಂದು ಇದ್ದಬದ್ದ ಹಾಲನ್ನೆಲ್ಲ ಒಮ್ಮೆಗೇ ಹುತ್ತದ ಮೇಲೆ ಸುರಿದಳು. ಹನಿ ಉಳಿಯದ ಹಾಗೆ ತಂಬಿಗೆಯ ತಳಕ್ಕೆ ತಟ್ಟಿದಳು ಕೂಡ. ಅಣ್ಣ ಎನ್ನಲಿಲ್ಲ. ಈಗಲೂ ಎನ್ನುವುದಿಲ್ಲ. ಒಳಗೆ ನಾಗಪ್ಪ ಇದ್ದಿದ್ದರೆ ಅವತ್ತು ಈಜು ಕಲಿತಿರಬೇಕು.

ಮೊದಲು ಬಾಯಿ ಬಿಟ್ಟವನು ಮಲ್ಲು. ಹುತ್ತವನ್ನು ನೋಡಿದ, ತಂಬಿಗೆಯನ್ನು ನೋಡಿದ, ನನ್ನನ್ನು ನೋಡಿದ. ‘ಲೇ, ಅಮ್ಮಂದ ಪಾಲ ಉಳೀಲೇ ಇಲ್ಲಲ್ಲ’ ಎಂದ.

‘ನೀ ಚೆಲ್ಲಿದಿ, ಅದಕ್ಕ ಉಳೀಲಿಲ್ಲ.’

‘ನಾ ಕಲ್ಲ ಎಡವಿ ಚೆಲ್ಲೀನಿ. ನೀ ಬೇಕಂತ ಸುರದಿ. ಅಷ್ಟೂ ಯಾರರ ಸುರೀತಾರೇನು?’

‘ನಿನ್ನ ಸಲುವಾಗೇ ಸುರದೀನಿ ನಾ. ಕಣ್ಣ ಎಲ್ಲಿಟ್ಟಿದ್ದಿ ನೀನು?’

ನೀಲಮ್ಮ ತನ್ನ ತಂಬಿಗೆ ಚಾಚಿ, ‘ನಿಮ್ಮ ಪಾಲಿಗೆ ನಂದರಾಗ ಒಂದೀಟ ತಗೋರಿ’ ಎಂದಳು. ‘ಬ್ಯಾಡ, ನಿನ್ನ ಹಾಲಿನ್ಯಾಗ ನೀರ ಭಾಳ’ ಎಂದೆ. ಮಕ್ಕಳು ಮನೆಯ ತನಕ ನನ್ನ ಪಾಲು ತಪ್ಪಿಸಿದವರು ಯಾರು ಎಂದು ಜಗಳವಾಡುತ್ತಲೇ ನಡೆದರು. ನಾನು ಎರಡು ಹೆಜ್ಜೆ ಹಿಂದೆ, ಯಾರೂ ಹಾಲು ಹಾಕದ ಮುದುಕಿ, ಇಷ್ಟು ಹಗುರಾಗಿ ಎಂದೂ ನಡೆದಿರಲಿಲ್ಲ. ರೇಣುಕಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ನೋಡಲು ಹೋಗಲಿಲ್ಲ. ಎರಡೂ ಒಂದೇ ಸೆರಗಿನಲ್ಲಿ ಆಗುತ್ತವೆ.

ಸಂಜೆ ರೇಣುಕಾಳ ಅಪ್ಪ ಚಪ್ಪಲಿ ಮೆಟ್ಟಿಕೊಂಡು, ‘ಮಲ್ಲೂ, ಚೀಲ ತಗೋಳೋ, ಬಸ್ಸಿಗೆ ಹೊತ್ತಾಗ್ತೈತಿ’ ಎಂದು ಕರೆದರು. ಉತ್ತರ ಹಿತ್ತಲಿನಿಂದ ಬಂತು. ‘ತಡಿ ಅಜ್ಜಾ, ಸರದಿ ನಂದೈತಿ. ಈಕಿ ಇಳೀವಲ್ಲಳು.’ ಹೋಗಿ ನೋಡಿದರೆ ಇಬ್ಬರೂ ಸುಮಾಳ ಜೋಕಾಲಿಯ ಹಗ್ಗಕ್ಕೇ ಜೋತುಬಿದ್ದಿದ್ದಾರೆ. ಪಕ್ಕದಲ್ಲಿ ಇನ್ನೊಂದು ಜೋಕಾಲಿ ಯಾರಿಗೂ ಬೇಡವಾಗಿ ತೂಗುತ್ತಿದೆ. ಕೋಳಿ ಅದರ ಮೇಲೆ ಕುಳಿತು ಪಂಚಾಯ್ತಿ ನೋಡುತ್ತಿದೆ. ಸುಮಾ ಹಗ್ಗ ಬಿಡದೆಯೇ, ‘ಅಜ್ಜಾರ, ಇವ ಹ್ವಾದ್ರ ನನ್ನ ಯಾರ ನೂಕಬೇಕ್ರಿ? ಇನ್ನ ನಂದು ಹತ್ತ ಸಲ ಬಾಕಿ ಐತಿ’ ಎಂದಳು. ಆ ಒಳ್ಳೆಯ ಮನುಷ್ಯರು ನನ್ನ ಕಡೆ ತಿರುಗಿ, ‘ಅಕ್ಕಾರ, ನಾ ಒಬ್ಬನ ಹೊಕ್ಕೇನಿ’ ಎಂದರು. ದಾರಿಗೆ ಉಂಡಿ ಕಟ್ಟಿಕೊಡೋಣವೆಂದು ಮಲ್ಲುವಿನ ಡಬ್ಬಿ ತೆಗೆದರೆ ಖಾಲಿ. ಕೇಳದೆ ತಿಂದಿದ್ದ. ಇರುವೆ ಸಮೇತ ತಿಂದಿದ್ದ. ಆ ಖಾಲಿ ಡಬ್ಬಿ ನೋಡಿ ಆದಷ್ಟು ಸಮಾಧಾನ ನನಗೆ ತುಂಬಿದ ಕಣಜ ನೋಡಿದಾಗಲೂ ಆಗಿರಲಿಕ್ಕಿಲ್ಲ. ಹಾಗೆಂದು ಅವನಿಗೆ ಹೇಳಲಿಲ್ಲ. ‘ಕಳ್ಳ’ ಎಂದೆ.

ಮರುದಿನ ಬೆಳಿಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ, ಕೋಳಿಯನ್ನು ಎಬ್ಬಿಸಿ ಎರಡನೆಯ ಜೋಕಾಲಿಯ ಹಗ್ಗ ಬಿಚ್ಚಿದೆ. ಎಮ್ಮೆಗೆ ಹೇಗೂ ಹೊಸ ಹಗ್ಗ ಬೇಕಾಗಿತ್ತು. ಉಳಿದ ಒಂದರ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೇ ಕುಳಿತೆ. ಇಬ್ಬರೂ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿಬಂದರು, ಮೊದಲ ಸರದಿ ತನ್ನದು ಎಂದು ಒಬ್ಬರು, ತನ್ನದು ಎಂದು ಇನ್ನೊಬ್ಬರು. ‘ನಿನ್ನೆ ನನ್ನ ಪಾಲು ತಿಂದ್ರಿ. ಈಗ ಒಬ್ಬರು ಹಿಂದ, ಒಬ್ಬರು ಮುಂದ ನಿಂತು ನೂಕ್ರಿ’ ಎಂದೆ. ನೂಕಿದರು. ಬೇವಿನ ಕೊಂಬೆ ಕಿರ್ರೆಂದಿತು, ಎದುರುಮನೆಯ ಮಾಳಿಗೆಯಿಂದ ನೀಲಮ್ಮ ನೋಡಿದಳು, ಎಮ್ಮೆಯೂ ನೋಡಿತು. ಇಳಿಯುವುದು ಹೇಗೆ ಎಂಬುದನ್ನು ಮಾತ್ರ ಹತ್ತುವಾಗ ನಾನು ಯೋಚಿಸಿರಲಿಲ್ಲ.