ಎಸ್ಟೇಟ್ ಆಫೀಸಿನ ನನ್ನ ಯಂತ್ರಗಳು

ಯಂತ್ರದ ಮೋಹ ಹತ್ತಿದವನಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಅವನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೈಯಲ್ಲೊಂದು ತಿರುಪುಳಿ ಹಿಡಿದು ಸುಮ್ಮನೆ ಕೂತರೂ ಸಾಕು, ತಾವಾಗಿಯೇ ಬಂದು ಬಾಗಿಲು ತಟ್ಟುತ್ತವೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷ ಕಳೆದಿದ್ದ ಕಾಲ. ನಾಪೋಕ್ಲಿನಿಂದ ನಾಲ್ಕು ಮೈಲಿ ಆಚೆಗಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಸರ್ಕಾರಕ್ಕೆ ಹೋಗುವ ಕಾಗದ, ಇವೆಲ್ಲ ಬರೆಯುವವನಿಗೆ ನಮ್ಮಲ್ಲಿ ರೈಟರ್ ಎನ್ನುತ್ತಾರೆ. ಬರೆಯುವುದಕ್ಕಿಂತ ಬಿಚ್ಚುವುದರಲ್ಲಿ ನನಗೆ ಆಸಕ್ತಿ. ಮದುವೆಯಾದ ಮೂರನೇ ದಿನ ಗಾಳಿಬೀಡಿನ ಮಾವನ ಮನೆಯಲ್ಲಿ ಗೋಡೆ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದೆ. ಎರಡು ತಿರುಪು ಮಿಕ್ಕಿದವು, ಗಡಿಯಾರ ಮಾತ್ರ ಮೊದಲಿಗಿಂತ ಚೆನ್ನಾಗಿ ಓಡಿತು. ಆದರೂ ಮಾವ ಸಾಯುವವರೆಗೆ ನನ್ನನ್ನು ನೋಡಿದಾಗಲೆಲ್ಲ ಆ ಎರಡು ತಿರುಪು ಎಲ್ಲಿಯವು ಅಂತ ಕೇಳುತ್ತಿದ್ದರು.

ಎಸ್ಟೇಟಿನ ಯಜಮಾನರಾದ ಸಾಹುಕಾರರು ತರಿಸುತ್ತಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಮ್ಮೆ ಎಲೆಕ್ಟ್ರಾನಿಕ್ ಮೆದುಳಿನ ಚಿತ್ರ ಬಂದಿತ್ತು. ನಮ್ಮ ಕಾಫಿ ಗೋದಾಮಿನಷ್ಟು ದೊಡ್ಡದು. ಒಬ್ಬ ಮನುಷ್ಯ ವರ್ಷವೆಲ್ಲ ಮಾಡುವ ಲೆಕ್ಕವನ್ನು ಒಂದು ಗಳಿಗೆಯಲ್ಲಿ ಮಾಡುತ್ತದಂತೆ. ಆ ಹಾಳೆ ಕತ್ತರಿಸಿ ಮೇಜಿನ ಗಾಜಿನಡಿ ಇಟ್ಟುಕೊಂಡೆ. ಕಿಟಕಿಯಾಚೆ ಮಂಜು ಇಳಿದು ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಅಳಿಸಿಹೋಗುವುದನ್ನು ನೋಡುತ್ತಾ, ಕೂಡುವುದು ಕಳೆಯುವುದು ನೆನಪಿಡುವುದು ಎಲ್ಲವನ್ನೂ ಯಂತ್ರವೇ ಮಾಡಿದರೆ ಮನುಷ್ಯ ಏನು ಮಾಡಿಯಾನು ಅಂತ ಯೋಚಿಸುತ್ತಿದ್ದೆ. ಬಹುಶಃ ಕೂತು ಮಂಜು ನೋಡಿಯಾನು ಅನ್ನಿಸುತ್ತಿತ್ತು. ಆ ಯೋಚನೆ ನನಗೆ ತುಂಬ ಹಿಡಿಸಿತ್ತು.

ಹ್ಯಾಂಡಲ್ ಯಂತ್ರ

ಪಕ್ಕದ ಎಸ್ಟೇಟಿನ ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ಊರಿಗೆ ಹೊರಟಾಗ, ಲೆಕ್ಕ ಮಾಡುವ ಒಂದು ಕಬ್ಬಿಣದ ಯಂತ್ರವನ್ನು ನಮ್ಮ ಸಾಹುಕಾರರಿಗೆ ಕೊಟ್ಟು ಹೋದ. ಅಂಕಿಗಳ ಸಣ್ಣ ಕಡ್ಡಿಗಳನ್ನು ಸರಿಸಿ ಪಕ್ಕದ ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಕೂಡಿದ ಮೊತ್ತ ಕೆಳಗಿನ ಕಿಂಡಿಯಲ್ಲಿ ಕಾಣುತ್ತಿತ್ತು. ತಿರುಗಿಸುವಾಗ ಬರುತ್ತಿದ್ದ ಕಟಕಟ ಸದ್ದು ಎಷ್ಟು ಇಂಪಾಗಿತ್ತೆಂದರೆ, ಕೂಡಲು ಏನೂ ಇಲ್ಲದಾಗಲೂ ನಾನು ಸುಮ್ಮನೆ ಸೊನ್ನೆಗೆ ಸೊನ್ನೆ ಕೂಡುತ್ತಿದ್ದೆ.

ನಮ್ಮ ಹೆಡ್ ರೈಟರಿಗೆ ಅದು ಸರಿಬರಲಿಲ್ಲ. ಮೂವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿದ್ದವರು, ಉದ್ದದ ಅಂಕಿ ಸಾಲಿನ ಮೇಲೆ ಬೆರಳು ಜಾರಿಸುತ್ತಾ ಕಣ್ಣು ಅರ್ಧ ಮುಚ್ಚಿ ಮೊತ್ತ ಹೇಳುತ್ತಿದ್ದವರು. ಯಂತ್ರ ಬಳಸಿದರೆ ಕೆಲಸ ಅರ್ಧವಾಗುತ್ತದೆ ಅಂತ ನಾನು ಸಾಹುಕಾರರಿಗೆ ವಿವರಿಸಿದೆ. ಹಾಗಾದರೆ ಉಳಿದರ್ಧ ಯಾರಿಗೆ ಅಂತ ಹೆಡ್ ರೈಟರ್ ಮೆಲ್ಲಗೆ ಕೇಳಿದರು. ಅವರ ಮುಖ ನೋಡಿದ ಮೇಲೆ ನನಗೂ ಸ್ವಲ್ಪ ಕಸಿವಿಸಿಯಾಯಿತು.

ಒಂದು ಪರೀಕ್ಷೆ ಆಗಿಯೇ ಬಿಡಲಿ ಅಂದರು ಸಾಹುಕಾರರು. ಒಂದು ತಿಂಗಳ ಹಣ್ಣಿನ ತೂಕವನ್ನು ನಾನು ಯಂತ್ರದಲ್ಲಿ ಕೂಡಬೇಕು, ಹೆಡ್ ರೈಟರ್ ಬೆರಳಲ್ಲಿ ಕೂಡಬೇಕು. ನಾನೇ ಮೊದಲು ಮುಗಿಸಿದೆ. ಸ್ವಲ್ಪ ಹೊತ್ತಿಗೆ ಅವರೂ ಮುಗಿಸಿದರು. ಎರಡೂ ಮೊತ್ತ ಒಂದೇ. ನಾನು ಗೆದ್ದವನಂತೆ ಸಾಹುಕಾರರ ಕಡೆ ನೋಡಿದೆ.

ಹೆಡ್ ರೈಟರ್ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು: "ಯಂತ್ರದ ಲೆಕ್ಕ ಸರಿ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮದಕ್ಕೆ ತಾಳೆ ಆಯ್ತಲ್ಲ," ಅಂದೆ.

ಅಷ್ಟೇ ಸಾಕಾಯಿತು. ಅಂದಿನಿಂದ ಪ್ರತಿ ಲೆಕ್ಕವನ್ನೂ ನಾನು ಯಂತ್ರದಲ್ಲಿ ಕೂಡುವುದು, ಅದು ಸರಿಯಾಗಿದೆಯೇ ಅಂತ ಅವರು ಬೆರಳಲ್ಲಿ ಕೂಡಿ ನೋಡುವುದು ಎಂದು ಸಾಹುಕಾರರು ಗೊತ್ತುಮಾಡಿದರು. ಕೆಲಸವನ್ನು ಅರ್ಧ ಮಾಡಲು ಬಂದ ಯಂತ್ರ, ನಾನು ಆ ಎಸ್ಟೇಟ್ ಬಿಡುವವರೆಗೂ ಅದನ್ನು ಎರಡು ಪಟ್ಟು ಮಾಡಿತು.

ಮಧ್ಯೆ ಮನುಷ್ಯ ಬೇಡ

ಆಮೇಲೆ ಟೆಲಿಫೋನ್ ಬಂತು. ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರೆ ದೂರದ ಹೊಳೆಯಂಥ ಒಂದು ಮೊರೆತ ಕೇಳುತ್ತಿತ್ತು. ಯಾರೂ ಇಲ್ಲದಾಗ ಅದನ್ನೇ ಕೇಳುತ್ತಾ ಕೂರುತ್ತಿದ್ದೆ. ಎಷ್ಟೋ ಮರಗಳ ನಡುವೆ, ಎಷ್ಟೋ ಗದ್ದೆಗಳ ಮೇಲೆ ಹಾದುಬಂದ ತಂತಿ ಅದು. ಗಾಳಿಯ ಸದ್ದೂ ಅದರೊಳಗೆ ಸ್ವಲ್ಪ ಸೇರಿಕೊಂಡು ಬರುತ್ತದೇನೋ ಅನ್ನಿಸುತ್ತಿತ್ತು. ಯಾರಿಗೆ ಮಾತಾಡಬೇಕಾದರೂ ಮೊದಲು ಎಕ್ಸ್‌ಚೇಂಜಿನ ಆಪರೇಟರಿಗೆ ಹೇಳಬೇಕು, ಅವರು ತಂತಿ ಜೋಡಿಸಿಕೊಡಬೇಕು.

ಒಂದು ಬೆಳಿಗ್ಗೆ ಸಾಹುಕಾರರು ಕುಟ್ಟದ ಗೆಳೆಯರೊಬ್ಬರಿಗೆ ಮಾತಾಡಲು ರಿಸೀವರ್ ಎತ್ತಿದರು. ಆಪರೇಟರ್ ಸಿಗುವವರೆಗೆ ನಾನು ಪಕ್ಕದಲ್ಲಿ ನಿಂತು, ದೊಡ್ಡ ಪಟ್ಟಣಗಳಲ್ಲಿ ಈಗ ತನ್ನಷ್ಟಕ್ಕೆ ತಾನೇ ಜೋಡಿಸುವ ಎಕ್ಸ್‌ಚೇಂಜ್ ಬಂದಿದೆ, ಅಂಕಿ ತಿರುಗಿಸಿದರಾಯಿತು, ಮಧ್ಯೆ ಮನುಷ್ಯನೇ ಬೇಡ ಅಂತ ಉತ್ಸಾಹದಿಂದ ಹೇಳುತ್ತಿದ್ದೆ. ಅಷ್ಟರಲ್ಲಿ ಆಪರೇಟರ್ ಸಿಕ್ಕರು. ಅವರ ಗಂಟಲು ದೊಡ್ಡದು, ನನಗೂ ಕೇಳುತ್ತಿತ್ತು. ಕುಟ್ಟಕ್ಕೆ ಜೋಡಿಸಿ ಪ್ರಯೋಜನವಿಲ್ಲ ಅಂದರು. ಗೆಳೆಯರು ಮಡಿಕೇರಿಯ ಆಸ್ಪತ್ರೆಯಲ್ಲಿದ್ದಾರೆ, ಮಗಳಿಗೆ ಬೆಳಗಿನ ಜಾವ ಗಂಡು ಮಗು ಆಗಿದೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ನೀವು ಕೇಳುತ್ತೀರಿ ಅಂತ ವಿಚಾರಿಸಿ ಇಟ್ಟಿದ್ದೆ ಅಂದರು.

ಸಾಹುಕಾರರು ರಿಸೀವರನ್ನು ಎದೆಗೊತ್ತಿ ಹಿಡಿದು ನನ್ನ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು. "ನಿಮ್ಮ ಆ ಯಂತ್ರ ಇದೆಲ್ಲ ಹೇಳ್ತದಾ ರೈಟರೇ?" ಅಂತ ಕೇಳಿದರು.

ನಾನು ಮೊದಲು ಹೇಳಿದ್ದೆಲ್ಲ ತಂತಿಯಲ್ಲಿ ಕೇಳಿಸಿತ್ತೆಂದು ಕಾಣುತ್ತದೆ, ಸಾಹುಕಾರರ ಎದೆಯ ಹತ್ತಿರದಿಂದಲೇ ಆಪರೇಟರ ದನಿ ಬಂತು: "ರೈಟರೇ, ಅದು ನಾಪೋಕ್ಲಿಗೆ ಬರೋದಾದ್ರೆ ನಂಗೆ ಒಂದು ತಿಂಗಳು ಮೊದ್ಲೇ ತಿಳಿಸಿ. ಬೇರೆ ಕೆಲಸ ನೋಡ್ಕೊಳ್ತೇನೆ."

ಮಳೆಯ ಕಾರ್ಡುಗಳು

ಎಲೆಕ್ಟ್ರಾನಿಕ್ ಮೆದುಳು ನನಗೆ ಸಿಗುವ ಹಾಗಿರಲಿಲ್ಲ. ಹಾಗಾಗಿ ರಟ್ಟಿನಲ್ಲಿ ಒಂದು ಮಾಡೋಣ ಅಂತ ಹೊರಟೆ.

ಉಪಾಯ ಪತ್ರಿಕೆಯಲ್ಲಿ ಓದಿದ್ದು. ಒಂದು ದಿನಕ್ಕೆ ಒಂದು ಕಾರ್ಡು. ಕಾರ್ಡಿನ ಅಂಚಿನಲ್ಲಿ ಸಾಲಾಗಿ ತೂತು: ಒಂದು ಮಂಜಿಗೆ, ಒಂದು ಗಾಳಿಗೆ, ಒಂದು ಮಳೆಗೆ. ಆ ದಿನ ಮಳೆ ಬಂದಿದ್ದರೆ ಮಳೆಯ ತೂತನ್ನು ಅಂಚಿನವರೆಗೆ ಕತ್ತರಿಸಿ ಬಿಡುವುದು. ಆಮೇಲೆ ಕಾರ್ಡುಗಳನ್ನು ಒಟ್ಟಿಗೆ ಹಿಡಿದು ಮಳೆಯ ತೂತಿನಲ್ಲಿ ಒಂದು ಕಡ್ಡಿ ತೂರಿಸಿ ಎತ್ತಿದರೆ, ಮಳೆ ಬಂದ ದಿನಗಳೆಲ್ಲ ಕೆಳಗೆ ಬೀಳುತ್ತವೆ, ಬಾರದ ದಿನಗಳು ಕಡ್ಡಿಯಲ್ಲಿ ನೇತಾಡುತ್ತವೆ. ಕಡ್ಡಿ ನನ್ನ ಹೆಂಡತಿಯ ಸ್ವೆಟರ್ ಹೆಣೆಯುವುದು. ಅರ್ಧ ತೋಳು ಹೆಣೆದಿದ್ದನ್ನು ಬಿಚ್ಚಿ ಕೊಟ್ಟಳು. ಕೊಡುವಾಗ ಅವಳು ತನ್ನ ಅರೆಭಾಷೆಯಲ್ಲಿ ಕೇಳಿದ್ದು ಒಂದೇ ಮಾತು: "ಮಳೆ ಬಾದು ರಟ್ಟಿಗೆ ಎಂತ ಗೊತ್ತುಟ್ಟು?" ಮಳೆ ಬರುವುದು ರಟ್ಟಿಗೇನು ಗೊತ್ತು ಅಂತ.

ಎಸ್ಟೇಟಿನ ಮಳೆ ಪುಸ್ತಕದಲ್ಲಿ ಹನ್ನೆರಡು ವರ್ಷದ ಹವೆ ಬರೆದಿಟ್ಟಿತ್ತು, ಎಲ್ಲ ಹೆಡ್ ರೈಟರ ಮುತ್ತಿನಂಥ ಅಕ್ಷರದಲ್ಲಿ. ಇಡೀ ಮಳೆಗಾಲ ಕೂತು ಅದನ್ನು ಕಾರ್ಡಿಗೆ ಇಳಿಸಿದೆ. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ನಾನು ಹಳೆಯ ಮಳೆಗಳಿಗೆ ತೂತು ಕೊರೆಯುತ್ತಿದ್ದೆ. ಒಂದೊಂದು ಕಾರ್ಡೂ ಹೋಗಿಬಿಟ್ಟ ಒಂದು ದಿನ. ಕೆಲವನ್ನು ಕೈಯಲ್ಲಿ ಹಿಡಿದು ಆ ದಿನ ನಾನೆಲ್ಲಿದ್ದೆ, ಏನು ಮಾಡುತ್ತಿದ್ದೆ ಅಂತ ನೆನೆಯುತ್ತಾ ಕೆಲಸವನ್ನೇ ಮರೆಯುತ್ತಿದ್ದೆ. ನಾನು ಮದುವೆಯಾದ ದಿನದ ಕಾರ್ಡೂ ಸಿಕ್ಕಿತು. ಪುಸ್ತಕದಲ್ಲಿ ಆ ದಿನಕ್ಕೆ ಒಣ ಹವೆ ಅಂತಿತ್ತು. ಅವತ್ತು ಗಾಳಿಬೀಡಿನಲ್ಲಿ ಚಪ್ಪರ ಸೋರಿ ನಾವಿಬ್ಬರೂ ತೊಯ್ದದ್ದು ನೆನಪಿತ್ತು. ಗಾಳಿಬೀಡಿನ ಮಳೆಯೇ ಬೇರೆ ಅಂದುಕೊಂಡು ಮುಂದಿನ ಕಾರ್ಡು ಎತ್ತಿಕೊಂಡೆ.

ಫೆಬ್ರವರಿ ಬಂತು. ಕಣದ ತುಂಬ ಕಾಫಿ ಹರಡಿತ್ತು, ಇನ್ನು ನಾಲ್ಕು ದಿನ ಒಣಗಿದರೆ ಸಾಕು. ಬೆಟ್ಟದ ಮೇಲೆ ಸ್ವಲ್ಪ ಮೋಡ ಕಂಡಿತು. ರಾಶಿ ಮಾಡಿ ಮುಚ್ಚಿಸಲೇ, ಬಿಡಲೇ ಅಂತ ಸಾಹುಕಾರರು ಯೋಚಿಸುತ್ತಿದ್ದರು. ನಾನು ಕಾರ್ಡಿನ ಪೆಟ್ಟಿಗೆಯನ್ನು ಕಣಕ್ಕೇ ಹೊತ್ತು ತಂದೆ. ಹನ್ನೆರಡೂ ವರ್ಷದ ಆ ವಾರದ ಕಾರ್ಡುಗಳನ್ನು ಒಟ್ಟಿಗೆ ಹಿಡಿದು ಮಳೆಯ ತೂತಿಗೆ ಕಡ್ಡಿ ತೂರಿಸಿ ಎತ್ತಿದೆ. ಒಂದೇ ಒಂದು ಕಾರ್ಡು ಬೀಳಲಿಲ್ಲ. ಹನ್ನೆರಡು ವರ್ಷದಲ್ಲಿ ಈ ವಾರ ಒಂದು ಹನಿಯೂ ಬಿದ್ದಿಲ್ಲ, ಧೈರ್ಯವಾಗಿ ಬಿಡಿ ಅಂದೆ. ಹೆಡ್ ರೈಟರ್ ಮಾತ್ರ ಮತ್ತೆ ಮತ್ತೆ ಮೋಡದ ಕಡೆ ನೋಡುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಮಳೆ ಹೊಡೆಯಿತು. ಲೈನಿನ ಸಾಲುಮನೆಗಳಲ್ಲಿದ್ದ ಆಳುಗಳೆಲ್ಲ ಓಡಿಬಂದರು. ಸಾಹುಕಾರರು, ನಾನು, ಹೆಡ್ ರೈಟರ್, ನನ್ನ ಹೆಂಡತಿ, ಎಲ್ಲರೂ ಸಿಕ್ಕಿದ್ದರಲ್ಲಿ ಕಾಫಿ ಬಾಚಿದೆವು. ಮುಕ್ಕಾಲು ಪಾಲು ಉಳಿಯಿತು. ನನ್ನ ಹನ್ನೆರಡು ವರ್ಷ ಮಾತ್ರ ತೊಯ್ದು ಮುದ್ದೆಯಾಯಿತು.

ಗೋದಾಮಿನ ಸೂರಿನಡಿ ನಿಂತು ಪಂಚೆ ಹಿಂಡಿಕೊಳ್ಳುತ್ತಾ ಹೆಡ್ ರೈಟರ್ ಸತ್ಯ ಹೇಳಿದರು. ಮಳೆ ಅಳೆಯುವ ಬಾಟಲಿ ಒಡೆದು ಹನ್ನೊಂದು ವರ್ಷವಾಗಿತ್ತಂತೆ. ಹೊಸದು ಕೇಳಲು ಸಂಕೋಚವಾಗಿ, ಪ್ರತಿ ವರ್ಷವೂ ಹಿಂದಿನ ವರ್ಷದ್ದನ್ನೇ ನೋಡಿ ಬರೆಯುತ್ತಿದ್ದರಂತೆ. ಯಂತ್ರ ಸುಳ್ಳು ಹೇಳುವುದಿಲ್ಲ, ನಾವು ಹೇಳಿಕೊಟ್ಟ ಸುಳ್ಳನ್ನು ಅಚ್ಚುಕಟ್ಟಾಗಿ ಜೋಡಿಸಿ ನಮಗೇ ಹಿಂದಕ್ಕೆ ಕೊಡುತ್ತದೆ ಅಂತ ನಾನು ಕಲಿತದ್ದು ಆ ಸೂರಿನಡಿ.

ಸಾಹುಕಾರರು ತಲೆಯಿಂದ ನೀರು ಇಳಿಸಿಕೊಳ್ಳುತ್ತಾ, ಇವತ್ತಿಗಾದರೂ ಪುಸ್ತಕದಲ್ಲಿ ಏನು ಬರೆಯುತ್ತೀರಿ ಅಂತ ಕೇಳಿದರು.

ಹೆಡ್ ರೈಟರ್ ಸ್ವಲ್ಪ ಯೋಚಿಸಿ, "ಹೋದ ವರ್ಷ ಏನು ಬರೆದಿದ್ದೆ ಅಂತ ನೋಡ್ಬೇಕು," ಅಂದರು.

ಒಂದು ಸೊನ್ನೆ

ಸರ್ಕಾರಕ್ಕೆ ಕನ್ನಡದಲ್ಲೇ ಬರೆಯೋಣ ಅಂತ ಸಾಹುಕಾರರಿಗೆ ಹುರುಪು ಬಂದು ಹಳೆಯದೊಂದು ಕನ್ನಡ ಟೈಪ್‌ರೈಟರ್ ತರಿಸಿದರು. ಎಲ್ಲ ಸರಿಯಾಗಿತ್ತು, ಅಕ್ಷರದ ಪಕ್ಕ ಹಾಕುವ ಸೊನ್ನೆಯ ಅಚ್ಚು ಮಾತ್ರ ಸವೆದು ಬಿದ್ದುಹೋಗಿತ್ತು. ಅದೇನು ಮಹಾ ಅಂದುಕೊಂಡೆ. ಟೈಪ್ ಮಾಡಿದ ಮೇಲೆ ಸೊನ್ನೆ ಇರಬೇಕಾದ ಕಡೆಯೆಲ್ಲ ಪೆನ್ನಿನಿಂದ ಪುಟ್ಟ ಉಂಗುರ ಬರೆಯುತ್ತಿದ್ದೆ.

ಆ ವರ್ಷ ತೋಟಕ್ಕೆ ಒಂದು ಮುದಿ ಮಂಗನ ಕಾಟ ಶುರುವಾಯಿತು. ಅರಣ್ಯದ ಕಚೇರಿಗೆ ಕಾಗದ ಬರೆಯಲು ಸಾಹುಕಾರರು ಹೇಳಿದರು. ನಾನು ಮನಸ್ಸಿಟ್ಟು ಬರೆದೆ: "ನಮ್ಮ ಹಿರಿಯ ಮಂಗನ ಕಾಟ ಹೇಳತೀರದು. ತೋಟದ ಕಿತ್ತಳೆಯೆಲ್ಲ ಕಿತ್ತು ಹಾಳು ಮಾಡುತ್ತಾನೆ. ಅಡುಗೆಮನೆಗೆ ನುಗ್ಗಿ ಅನ್ನದ ಪಾತ್ರೆಗೆ ಕೈ ಹಾಕುತ್ತಾನೆ. ಗದರಿಸಿದರೆ ಹಲ್ಲು ಕಿರಿಯುತ್ತಾನೆ. ಈ ಮಂಗನನ್ನು ಹಿಡಿದು ದೂರದ ಕಾಡಿಗೆ ಬಿಡಲು ಕೋರುತ್ತೇನೆ." ಸೊನ್ನೆ ಹಾಕಬೇಕು ಅನ್ನುವಾಗ ಕಿಟಕಿಯಾಚೆ ಕಾಫಿ ಹೂವಿನ ವಾಸನೆ ತೇಲಿಬಂತು. ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು. ನೋಡುತ್ತಾ ಎಷ್ಟು ಹೊತ್ತು ಕೂತೆನೋ, ಆಮೇಲೆ ಕಾಗದ ಮಡಚಿ ಲಕೋಟೆಗೆ ಹಾಕಿ ಟಪಾಲಿಗೆ ಕೊಟ್ಟುಬಿಟ್ಟೆ.

ಹತ್ತು ದಿನ ಕಳೆದು ಹಿರಿಯ ಅಧಿಕಾರಿಯೊಬ್ಬರು ತಾವೇ ಬಂದರು. ಬಹಳ ಮೃದು ಸ್ವಭಾವದವರು. ಜಗಲಿಯಲ್ಲಿ ಕೂತು ಕಾಫಿ ಲೋಟ ಹಿಡಿದು, ಇಂಥ ವಿಷಯಕ್ಕೆ ಉತ್ತರ ಬರೆಯುವುದಕ್ಕಿಂತ ಬಂದು ಮಾತಾಡುವುದೇ ಒಳ್ಳೆಯದು ಅನ್ನಿಸಿತು ಅಂದರು. ಸಾಹುಕಾರರಿಗೆ ತುಂಬ ಸಂತೋಷವಾಯಿತು.

ಎಷ್ಟು ದಿನದಿಂದ ಹೀಗೆ ಅಂತ ಅಧಿಕಾರಿ ಕೇಳಿದರು. ಕಿತ್ತಳೆ ಹಣ್ಣಾದಾಗಿನಿಂದ ಅಂದರು ಸಾಹುಕಾರರು. ಹೆದರಿಸಿ ನೋಡಿದಿರಾ ಅಂದದ್ದಕ್ಕೆ, "ಕೋವಿ ಎತ್ತಿದ್ದೆ. ಮುಖ ನೋಡಿದ್ರೆ ಮನುಷ್ಯರ ಹಾಗೇ ಉಂಟು, ಹೊಡೆಯೋಕೆ ಮನಸ್ಸು ಬರಲಿಲ್ಲ," ಅಂದರು.

ಅಧಿಕಾರಿಯ ಲೋಟ ಕೈಯಲ್ಲೇ ನಿಂತಿತು. ನಾನು ಅವರ ತೊಡೆಯ ಮೇಲಿದ್ದ ಕಾಗದ ನೋಡಿದೆ. ಒಂದೇ ಒಂದು ಕಡೆಯೂ ಸೊನ್ನೆಯಿರಲಿಲ್ಲ. ಹಿರಿಯ ಮಗನ ಕಾಟ ಹೇಳತೀರದು ಅಂತಿತ್ತು. ನನ್ನ ಕೆಲಸ ಇವತ್ತಿಗೆ ಮುಗಿಯಿತು ಅಂದುಕೊಂಡು ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡೆ.

ಅಧಿಕಾರಿ ತಗ್ಗಿದ ದನಿಯಲ್ಲಿ, "ಒಂದು ಮದುವೆ ಮಾಡಿ ನೋಡಿ. ಎಷ್ಟೋ ಜನ ಹಾಗೆ ಸರಿಹೋಗಿದ್ದಾರೆ," ಅಂದರು.

"ಅವನಿಗಾ?" ಅಂದರು ಸಾಹುಕಾರರು. "ಈಗಲೇ ಹದಿನೈದು ಹೆಂಡಿರು. ಬರೋವಾಗ ಎಲ್ಲರನ್ನೂ ಕರ್ಕೊಂಡೇ ಬರ್ತಾನೆ."

ಅದೇ ಹೊತ್ತಿಗೆ, ಮದರಾಸಿನಲ್ಲಿ ಓದುತ್ತಿದ್ದು ರಜೆಗೆ ಬಂದಿದ್ದ ಸಾಹುಕಾರರ ಹಿರಿಯ ಮಗ ಕಿತ್ತಳೆ ಸುಲಿಯುತ್ತಾ ಜಗಲಿಗೆ ಬಂದ. ಸಾಹುಕಾರರು ಇವನೇ ನನ್ನ ದೊಡ್ಡವನು ಅಂತ ಪರಿಚಯ ಮಾಡಿದರು. ಅವನು ಹಲ್ಲು ತೋರಿಸಿ ನಕ್ಕ. ಅಧಿಕಾರಿ ಎದ್ದು ಹೋಗಿ ಅವನ ಭುಜದ ಮೇಲೆ ಕೈಯಿಟ್ಟು, ಕಾಡಿನಲ್ಲಿ ಇರಲು ನಿನಗೆ ನಿಜವಾಗಿ ಇಷ್ಟವೇನಪ್ಪಾ ಅಂತ ಕೇಳಿದರು. ಕಾಡು ಸುತ್ತುವುದೆಂದರೆ ಅವನಿಗೆ ಪ್ರಾಣ. "ಅಪ್ಪ ಬಿಟ್ರೆ ಈಗಲೇ ಬರ್ತೇನೆ ಸಾರ್," ಅಂದ.

ಇನ್ನು ತಡೆಯಲಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಅಧಿಕಾರಿಯ ಕಾಗದ ಕೇಳಿ ಪಡೆದು, ಎರಡೂ ಕಡೆ ಮಕಾರದ ಪಕ್ಕ ಸೊನ್ನೆ ಬರೆದು ಹಿಂದಕ್ಕೆ ಕೊಟ್ಟೆ. ಅವರು ಮೊದಲಿನಿಂದ ಓದಿದರು, ಹುಡುಗನನ್ನು ನೋಡಿದರು, ಮತ್ತೊಮ್ಮೆ ಓದಿ ಕಾಗದವನ್ನು ಸಾಹುಕಾರರ ಕೈಗಿತ್ತರು. ಸಾಹುಕಾರರು ಓದಿ ಮೊದಲು ಕೆಂಪಾದರು, ಆಮೇಲೆ ಕಂಬ ಹಿಡಿದು ನಗತೊಡಗಿದರು. ಆ ನಗುವಿನಲ್ಲೇ ನನ್ನ ಕೆಲಸ ಉಳಿಯಿತು.

ಅಧಿಕಾರಿ ಮಾತ್ರ ನಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಮುಖ ಒರೆಸಿಕೊಂಡರು.

"ಸದ್ಯ," ಅಂದರು. "ಹದಿನೈದು ಸೊಸೆಯರನ್ನ ಈ ಮನೇಲಿ ಎಲ್ಲಿ ಮಲಗಿಸ್ತೀರೋ ಅಂತ ನಾನು ಆಗಿನಿಂದ ಯೋಚಿಸ್ತಾ ಇದ್ದೆ."