ಮೊಮ್ಮಗಳು ಬಿಟ್ಟ ಕುರ್ಚಿ, ಊರಿಗೆ ಬಂದ ಬಸ್ಸು

ಕಮಲಾಪುರಕ್ಕೆ ಬೆಳಗಿನ ಬಸ್ ಬಂತು! ನಮ್ಮೂರಿಂದಲೇ ಹೊರಟು, ನಮ್ಮ ಹುಡುಗಿಯರನ್ನು ಕುಳ್ಳಿರಿಸಿಕೊಂಡು ಕಲಬುರ್ಗಿ ಕಾಲೇಜಿಗೆ ಹೋಗುವ ಬಸ್. ತರಿಸಿದವಳು ನನ್ನ ಮೊಮ್ಮಗಳು ಸುವರ್ಣಾ. ಮೂರನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು ನಾನು. ಆದರೂ ಇದನ್ನು ಬರೆದಿಡದಿದ್ದರೆ ಹೊಟ್ಟೆ ಒಡೆದೀತು.

ಸುವರ್ಣಾ ಪಕ್ಷೇತರಳಾಗಿ ತಾಲೂಕು ಪಂಚಾಯ್ತಿಗೆ ಗೆದ್ದಿದ್ದಳು. ಅಲ್ಲಿ ಎರಡು ಪಕ್ಷದವರೂ ಸಮಸಮ. ಇವಳ ಒಂದು ಕೈ ಯಾರ ಕಡೆ ಎದ್ದೀತೋ ಅವರದೇ ಆಡಳಿತ. ಒಂದು ಪಕ್ಷದವರು ಜೀಪಿನಲ್ಲಿ ಬಂದು, "ನಮ್ಮ ಪಕ್ಷಕ್ಕ ಬರ್ರಿ, ನಿಮ್ಮನ್ನೇ ಅಧ್ಯಕ್ಷರನ್ನ ಮಾಡ್ತೀವಿ" ಎಂದರು. ನಾನು ಆಗಲೇ ಅಧ್ಯಕ್ಷರ ಮುತ್ಯಾನ, ಅಂದರೆ ಅಜ್ಜನ, ಗತ್ತಿನಲ್ಲಿ ಮೀಸೆ ತಿರುವುತ್ತಿದ್ದೆ. ಆದರೆ ಈ ಹುಡುಗಿ, "ಓಟು ಹಾಕಿದ ಮಂದೀನ ಕೇಳಿ ಹೇಳ್ತೀನ್ರಿ" ಅಂದುಬಿಟ್ಟಳು. ಮನೆಯಲ್ಲಿ ನನ್ನನ್ನು ಕೇಳಿದ್ದರೆ ಸಾಕಿತ್ತು!

ಮರುದಿನ ಹಿಟ್ಟಿನ ಗಿರಣಿಯ ಮುಂದೆ ಮಂದಿ ಸೇರಿತು. "ಕುರ್ಚಿ ಬೇಕನ್ನವರು ಕೈ ಎತ್ರಿ" ಎಂದ ಗಿರಣಿಯ ರಾಜಾಸಾಬ. ಮೊಮ್ಮಗಳ ಮೇಲಿನ ಪ್ರೀತಿಯಲ್ಲಿ ನಾನು ಎರಡೂ ಕೈ ಎತ್ತಿದೆ. ಸುತ್ತ ನೋಡಿದರೆ ಇಡೀ ಸಭೆಯಲ್ಲಿ ಎದ್ದಿದ್ದವು ಆ ಎರಡೇ!

"ಮುತ್ಯಾ, ಎರಡೂ ಕೈ ಎತ್ತಾಕ ಇದೇನು ಪೊಲೀಸ್ ದಾಳಿ ಏನ್ರಿ?" ಎಂದಳು ಬಾಳೆತೋಟದ ಕೆಲಸದ ಶಾಂತಾಬಾಯಿ. ಆಮೇಲೆ ಸುವರ್ಣಾಳ ಕಡೆ ತಿರುಗಿ, "ನೋಡವಾ, ಕುರ್ಚಿ ಮ್ಯಾಲ ನೀ ಒಬ್ಬಾಕಿ ಕುಂದರ್ತಿ. ಹುಮನಾಬಾದ್ ಕಡಿಂದ ಬರೋ ಬಸ್ ತುಂಬಿರತಾವ, ಇಲ್ಲಿ ನಿಲ್ಲಂಗಿಲ್ಲ. ನನ್ನ ಮಗಳು ವಾರದಾಗ ಮೂರು ದಿನ ಕಾಲೇಜ್ ಬಿಡಾಕತ್ಯಾಳ. ಇನ್ನೊಂದು ತಿಂಗಳು ಹಿಂಗೇ ಆದ್ರ ಅವರಪ್ಪ ಕಾಲೇಜೇ ಬಿಡಿಸ್ತಾನ" ಎಂದಳು.

ಬಸ್ ಬೇಕೆನ್ನುವವರ ಕೈ ಎಷ್ಟು ಎದ್ದವೆಂದರೆ, ರಾಜಾಸಾಬ ಎಣಿಸುವುದನ್ನೇ ಬಿಟ್ಟ.

ಸುವರ್ಣಾ ಎರಡೂ ಕಡೆಯವರಿಗೆ ಒಂದೇ ಮಾತು ಹೇಳಿದಳು: "ಪಕ್ಷಾನೂ ಬ್ಯಾಡ, ಕುರ್ಚೀನೂ ಬ್ಯಾಡ. ಬಸ್ ಬಿಡಿಸಿದವರಿಗೆ ನನ್ನ ಓಟು." ಜೀಪಿನವರು ಧೂಳೆಬ್ಬಿಸಿ ಹೋದವರು ತಿರುಗಿ ಬರಲಿಲ್ಲ. ನಾನು ಎರಡು ದಿನ ಅವಳ ಕೂಡ ಮಾತು ಬಿಟ್ಟೆ. ಅದು ಅವಳಿಗೆ ಗೊತ್ತೇ ಆಗಲಿಲ್ಲವಂತೆ, ಅಷ್ಟು ಓಡಾಟ. ಇನ್ನೊಂದು ಪಕ್ಷದವರು ಡಿಪೋಗೆ ಹತ್ತು ಸಲ ಅಲೆದು ಬಸ್ ಬಿಡಿಸಿದರು.

ಇವತ್ತು ಮುಂಜಾನೆ ಶಾಂತಾಬಾಯಿಯ ಮಗಳು ಕಿಟಕಿ ಪಕ್ಕ ಕುಳಿತು ಕೈ ಬೀಸಿದಾಗ ನನ್ನ ಕಣ್ಣಿಗೆ ಧೂಳು ಬಿತ್ತು. ಹೊಸ ಬಸ್ಸು ನೋಡ್ರಿ, ಧೂಳು ಹೆಚ್ಚು.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕುಳಿತೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಮುತ್ಯಾ, ಮುಂದ ಏನು ಕೇಳೋಣು?" ಎಂದಳು ಸುವರ್ಣಾ. ನನ್ನಾಕೆ ರೊಟ್ಟಿ ಬಡಿಯುತ್ತಲೇ, "ಊರನ್ನ ಕೇಳವಾ, ಇವರನ್ನ ಕೇಳಬ್ಯಾಡ" ಎಂದಳು. ಎಲ್ಲರೂ ನಕ್ಕರು. ನನ್ನ ಬಾಯಿ ತುಂಬ ಪುಂಡಿಪಲ್ಯ ಇತ್ತು. ಇಲ್ಲದಿದ್ದರೆ ಒಂದು ಭಾರೀ ಸಲಹೆ ಕೊಡುವವನೇ ಇದ್ದೆ.