ಮೂರಳಿಲು ಛಾಪಿನ ತಿರಸ್ಕಾರ ವಲಯ

೧೯೫೮ನೇ ಇಸವಿಯಲ್ಲಿ ಚಾಮರಾಜನಗರದ ಸರ್ಕಾರಿ ಸಾಮಗ್ರಿ ಪರಿಶೀಲನಾ ಕಚೇರಿಯಿಂದ ಒಂದೇ ಒಂದು ಬೆಂಕಿಪೊಟ್ಟಣವೂ ಅಕ್ರಮವಾಗಿ ತಿರಸ್ಕೃತವಾಗಲಿಲ್ಲ. ಸಕ್ರಮವಾಗಿಯೂ ಆಗಲಿಲ್ಲ. ಇದರ ಕೀರ್ತಿ ಆ ಕಚೇರಿಯ ಸಂಖ್ಯಾಶಾಸ್ತ್ರ ಸಹಾಯಕ ನೀಲಕಂಠಸ್ವಾಮಿಗೆ ಸೇರಬೇಕು. ಅವನು ಬೇಡವೆಂದರೂ ಸೇರಬೇಕು.

ನೀಲಕಂಠಸ್ವಾಮಿ ಹರದನಹಳ್ಳಿಯವನು. ಬಿ.ಎಸ್ಸಿ. ಮಾಡಿ, ಬೆಂಗಳೂರಿನಲ್ಲಿ ಸಂಖ್ಯಾಶಾಸ್ತ್ರದ ತರಬೇತಿ ಮುಗಿಸಿ ಬಂದಿದ್ದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲವಾದ್ದರಿಂದ ಮೇಲಿನವರು ಏನು ಹೇಳಿದರೂ ಮೊದಲು "ಆಗಲಿ ಸಾರ್" ಎಂದುಬಿಟ್ಟು, ಅದು ಆಗುವ ಕೆಲಸವೇ ಎಂದು ಆಮೇಲೆ ಯೋಚಿಸುತ್ತಿದ್ದ.

ಆ ವರ್ಷ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆ, ವಿದ್ಯಾರ್ಥಿನಿಲಯ, ಪ್ರವಾಸಿ ಮಂದಿರಗಳಿಗೆ ಬೆಂಕಿಪೊಟ್ಟಣ ಒದಗಿಸುವ ಗುತ್ತಿಗೆ ಬದನಗುಪ್ಪೆಯ ಚಿಕ್ಕಮಲ್ಲಪ್ಪನವರಿಗೆ ಸಿಕ್ಕಿತು. ಅವರ ಮಾಲಿನ ಹೆಸರು ಮೂರಳಿಲು ಛಾಪು. ಹತ್ತು ಕಡ್ಡಿ ಗೀರಿದರೆ ಒಂಬತ್ತು ಹತ್ತುತ್ತವೆ ಎಂಬುದು ಅವರು ಬರೆದುಕೊಟ್ಟ ಭರವಸೆ. ಪರಿಶೀಲನಾಧಿಕಾರಿ ಶಿವರುದ್ರಸ್ವಾಮಿಯವರು ಚಿಕ್ಕಮಲ್ಲಪ್ಪನವರ ಹೆಂಡತಿಯ ಖಾಸಾ ತಮ್ಮ. ಇದು ಕೇವಲ ಆಕಸ್ಮಿಕ. ಮದುವೆ ಟೆಂಡರಿಗಿಂತ ಬಹಳ ಮೊದಲೇ ನಡೆದಿತ್ತು.

ಮೊದಲ ಮಾಲು ಬಂದ ದಿನ ನೀಲಕಂಠಸ್ವಾಮಿ ಉತ್ಸಾಹದಿಂದ ಪರೀಕ್ಷೆಯ ಕ್ರಮ ವಿವರಿಸಿದ.

"ಸಾರ್, ಇಪ್ಪತ್ತು ಕಡ್ಡಿ ಗೀರೋದು. ಮಾಲು ಅವರು ಹೇಳಿದಷ್ಟು ಚೆನ್ನಾಗಿದ್ರೆ ಸುಮಾರು ಹದಿನೆಂಟು ಹತ್ತಬೇಕು. ಗ್ರಹಚಾರ ಕೆಟ್ಟು ಹದಿನೇಳೋ ಹದಿನಾರೋ ಹತ್ತಿದ್ರೆ ವ್ಯಾಪಾರಿ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಆದ್ರೆ ಒಳ್ಳೇ ಮಾಲಿನಲ್ಲಿ ಹದಿನೈದು ಇಲ್ಲಾ ಅದಕ್ಕಿಂತ ಕಮ್ಮಿ ಹತ್ತೋದು ನೂರಕ್ಕೆ ಐದು ಸಲವೂ ಇಲ್ಲ. ಅದಕ್ಕೇ ಸೊನ್ನೆಯಿಂದ ಹದಿನೈದರವರೆಗೆ ತಿರಸ್ಕಾರ ವಲಯ. ಅದರೊಳಗೆ ಬಿದ್ದ ಮಾಲು ವಾಪಸ್."

"ವಲಯ ಅಂದ್ರೆ, ಸರ್ವೆ ನಂಬರ್ ಏನಾದ್ರೂ ಇರುತ್ತಾ?"

"ಇಲ್ಲ ಸಾರ್. ಬರೀ ಅಂಕಿ."

"ಹಾಗಾದ್ರೆ ತಕರಾರು ಬರಲ್ಲ, ಮಾಡಿ" ಎಂದರು ಅಧಿಕಾರಿಗಳು.

ಜವಾನ ಸೋಮಯ್ಯ ಇಪ್ಪತ್ತು ಕಡ್ಡಿ ಗೀರಿದ. ಹನ್ನೊಂದು ಹತ್ತಿದವು. ಕಡ್ಡಿಯ ತಲೆಗೆ ಮೆತ್ತುವ ಮದ್ದಿಗೆ ಚಿಕ್ಕಮಲ್ಲಪ್ಪನವರು ಧಾರಾಳವಾಗಿ ಕೆಮ್ಮಣ್ಣು ಬೆರೆಸುತ್ತಿದ್ದರು. ನಾಡಿನ ಮಣ್ಣಿನ ಮೇಲೆ ಅವರಿಗೆ ಅಷ್ಟು ಅಭಿಮಾನ. ನೀಲಕಂಠಸ್ವಾಮಿ 'ತಿರಸ್ಕೃತ' ಎಂದು ಬರೆದು ಸಹಿ ಹಾಕಿದ. ಮಧ್ಯಾಹ್ನವೇ ಚಿಕ್ಕಮಲ್ಲಪ್ಪನವರು ಒಂದು ಕಟ್ಟು ಚಿಗುರು ವೀಳ್ಯದೆಲೆ ಹಿಡಿದುಕೊಂಡು ಕಚೇರಿಗೆ ಬಂದರು.

"ನೂರು ಜನ ಸಾಚಾ ವ್ಯಾಪಾರಿಗಳಲ್ಲಿ ಐದು ಜನಕ್ಕೆ ಅನ್ಯಾಯ ಆಗ್ಬೌದು ಅಂತ ಈ ಹುಡುಗನೇ ಒಪ್ಕೊಂಡವನೆ. ಆ ಐದು ಜನದಲ್ಲಿ ನಾನೂ ಒಬ್ಬ ಕಣಪ್ಪ ರುದ್ರಸ್ವಾಮಿ" ಎಂದು ಕಣ್ಣಂಚು ಒರೆಸಿಕೊಂಡರು.

ಶಿವರುದ್ರಸ್ವಾಮಿಯವರಿಗೂ ದುಃಖ ಒತ್ತರಿಸಿ ಬಂತು. ಸ್ವತಂತ್ರ ಭಾರತದಲ್ಲಿ ನೂರಕ್ಕೆ ಐದು ಅನ್ಯಾಯ ಬಹಳವಾಯಿತು, ಒಂದಕ್ಕೆ ಇಳಿಸಿ ಎಂದು ಅಪ್ಪಣೆ ಮಾಡಿದರು. ನೀಲಕಂಠಸ್ವಾಮಿ ಇಳಿಸಿದ. ವಲಯ ಹದಿನೈದರಿಂದ ಹದಿಮೂರಕ್ಕೆ ಕುಗ್ಗಿತು. ಹನ್ನೊಂದು ಆಗಲೂ ಅದರೊಳಗೇ ಉಳಿಯಿತು.

"ಹಠಮಾರಿ ಅಂಕಿ" ಎಂದು ಅಧಿಕಾರಿಗಳು ಎಲೆ ಮಡಿಸಿದರು.

ಮರುವಾರ ಒಂದನ್ನು ಮತ್ತೆ ಐದಕ್ಕೇ ಏರಿಸಿ, ಅದರ ಜೊತೆಗೆ ಒಂದು ಮಿತವ್ಯಯ ಸುತ್ತೋಲೆ ಹೊರಟಿತು: 'ಪರೀಕ್ಷೆಯ ನೆಪದಲ್ಲಿ ಸರ್ಕಾರಿ ಬೆಂಕಿಕಡ್ಡಿಗಳನ್ನು ಉರಿಸಿ ಹಾಳುಮಾಡುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಇನ್ನು ಮುಂದೆ ಪ್ರತಿ ಸರಬರಾಜಿನಲ್ಲಿ ಒಂದು ಕಡ್ಡಿಯನ್ನು ಮಾತ್ರ ಗೀರತಕ್ಕದ್ದು. ಅದನ್ನೂ ಆದಷ್ಟು ಮೆಲ್ಲಗೆ ಗೀರತಕ್ಕದ್ದು.'

"ಒಂದು ಕಡ್ಡಿಗೆ ವಲಯ ಎಲ್ಲಿಂದ ಎಲ್ಲಿಗೆ ಬರುತ್ತೆ, ಲೆಕ್ಕ ಹಾಕಿ ಕೊಡಿ" ಎಂದರು ಅಧಿಕಾರಿಗಳು.

"ಆಗಲಿ ಸಾರ್" ಎಂದು ನೀಲಕಂಠಸ್ವಾಮಿ ಕೂತ. ಭರವಸೆಯ ಪ್ರಕಾರವೇ ಒಳ್ಳೇ ಮಾಲಿನಲ್ಲೂ ಹತ್ತಕ್ಕೊಂದು ಕಡ್ಡಿ ಹತ್ತದು. ಅಂದರೆ ಗೀರಿದ ಒಂದೇ ಕಡ್ಡಿ ಹತ್ತದಿರುವುದು ನೂರಕ್ಕೆ ಹತ್ತು ಸಲ ಆಗುವಂಥದ್ದು. ಮಿತಿ ಇರುವುದು ಐದು. ಹಾಗಾದರೆ ಕಡ್ಡಿ ಹತ್ತದೆ ಹೋದರೂ ತಿರಸ್ಕರಿಸುವಂತಿಲ್ಲ. ಹತ್ತಿದರಂತೂ ಮಾತೇ ಇಲ್ಲ. ವಲಯದೊಳಗೆ ಒಂದು ಅಂಕಿಯೂ ಉಳಿಯಲಿಲ್ಲ. ಅವನು ಮೂರು ಬಾರಿ ಗುಣಿಸಿ ನೋಡಿದ. ತಪ್ಪಾಗಿದ್ದರೆ ಜಗಳವಾಡಬಹುದಿತ್ತು. ಲೆಕ್ಕ ಸರಿಯಾಗಿಯೇ ಇತ್ತು.

"ಸಾರ್, ತಿರಸ್ಕಾರ ವಲಯ ಖಾಲಿ ಇದೆ."

"ಖಾಲಿ ಇದ್ರೆ ಖಾಲಿ ಅಂತಲೇ ಬರೀರಿ. ಒತ್ತುವರಿ ಆಗಿಲ್ಲವಲ್ಲ, ಸಂತೋಷ."

ಸೋಮಯ್ಯ ಅದೇ ಮಾಲಿನಿಂದ ಒಂದು ಕಡ್ಡಿಯನ್ನು ಮೆಲ್ಲಗೆ ಗೀರಿದ. ಅದು ಹತ್ತಲಿಲ್ಲ. ಹಳೆಯ 'ತಿರಸ್ಕೃತ'ವನ್ನು ಹೊಡೆದುಹಾಕಿ ಮಾಲನ್ನು ಪಾಸು ಮಾಡಿದರು. ಮುಂದಿನ ಸಲ, ಹತ್ತಿದರೂ ಹತ್ತದಿದ್ದರೂ ಪಾಸೇ ಆಗುವಾಗ ಗೀರುವುದು ದಂಡವೆಂದು ಗೀರದೆಯೇ ಪಾಸು ಮಾಡಿದರು. ಹೀಗೆ ಮೂರಳಿಲು ಛಾಪು ಎರಡೂ ತಾಲ್ಲೂಕುಗಳನ್ನು ತುಂಬಿಕೊಂಡಿತು.

ಗುಂಡ್ಲುಪೇಟೆಯ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುತ್ತಿದ್ದವರು ಪುಟ್ಟಮಾದಮ್ಮ. ಗಂಡನಿಲ್ಲ, ಮೊಮ್ಮಗಳು ಪುಟ್ಟಿಯನ್ನು ಸಾಕುವ ಹೊಣೆ ಅವರದೇ. ಹೊಸ ಬೆಂಕಿಪೊಟ್ಟಣ ಬಂದಾಗಿನಿಂದ ಬೆಳಗಿನ ಉಪ್ಪಿಟ್ಟು ಶಾಲೆಯ ಗಂಟೆ ಹೊಡೆದ ಮೇಲೆ ಬೇಯುತ್ತಿತ್ತು. ಮಕ್ಕಳು ಖಾಲಿ ಹೊಟ್ಟೆಯಲ್ಲಿ ಪಾಠಕ್ಕೆ ಓಡುತ್ತಿದ್ದರು. ಮೇಲ್ವಿಚಾರಕ ಗುರುಮಲ್ಲಯ್ಯನವರು ಕಡ್ಡಿ ಹತ್ತುವುದಿಲ್ಲವೆಂದು ದೂರು ಬರೆದರು. ಕಚೇರಿ ಉತ್ತರ ಕೊಟ್ಟಿತು: 'ಸದರಿ ಕಡ್ಡಿಗಳು ಶಾಸ್ತ್ರೋಕ್ತ ಪರೀಕ್ಷೆಯಲ್ಲಿ ತಿರಸ್ಕೃತವಾಗಿರುವುದಿಲ್ಲ. ಆದ್ದರಿಂದ ಅವು ಉತ್ತಮವಾಗಿವೆ. ಆದ್ದರಿಂದ ದೋಷ ಗೀರುವವರದು. ಅಡುಗೆಯವರನ್ನು ಏಕೆ ವಜಾ ಮಾಡಬಾರದೆಂದು ಸ್ಥಳದಲ್ಲೇ ವಿಚಾರಣೆ ನಡೆಸಲಾಗುವುದು.'

ಶಿವರುದ್ರಸ್ವಾಮಿಯವರು ನೀಲಕಂಠಸ್ವಾಮಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದರು. ನಿಲಯದ ಜಗಲಿಯ ಮೇಲೆ ಕುರ್ಚಿ ಹಾಕಿದ್ದರು. ಪುಟ್ಟಮಾದಮ್ಮ ಸೆರಗು ಹೊದ್ದು ಕೆಳಗೆ ನಿಂತರು.

"ಬುದ್ಧಿ, ಗೀರಿ ಗೀರಿ ನನ್ ಎಬ್ಬೆಟ್ಟೇ ಸವ್ದೋಯ್ತು. ಅತ್ತದೇ ಇಲ್ಲ. ಅತ್ತುದ್ರೂ ವಸಿ ಒಗೆ ಬುಟ್ಟು ಕೆಟ್ಟೋಯ್ತದೆ."

"ನೋಡಮ್ಮ, ಈ ಕಡ್ಡಿ ಪಾಸಾಗಿದೆ."

"ಪಾಸಾಗಿದ್ರೆ ಆಗ್ಲಿ ಬುಡಿ ಬುದ್ಧಿ. ಅತ್ಬೇಕಲ್ಲ?"

ಅಧಿಕಾರಿಗಳು ಈ ಪ್ರಶ್ನೆ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿಸಿದರು. ನಂತರ ಆಕೆಯ ಕೈಯನ್ನು ಪರೀಕ್ಷಿಸಲಾಯಿತು. ಒಂದೇ ಕಡ್ಡಿ ಸಾಲದೇ ಎಂದು ನೀಲಕಂಠಸ್ವಾಮಿ ಕೇಳಿದಾಗ, ಮಿತವ್ಯಯ ಸುತ್ತೋಲೆ ಗುತ್ತಿಗೆದಾರರಿಗೆ ಮಾತ್ರ, ಅಡುಗೆಯವರಿಗೆ ಅನ್ವಯಿಸದು, ಇಪ್ಪತ್ತೂ ಗೀರಲಿ ಎಂಬ ಉತ್ತರ ಬಂತು. ಪುಟ್ಟಮಾದಮ್ಮ ಇಪ್ಪತ್ತು ಗೀರಿದರು. ಒಂಬತ್ತು ಹತ್ತಿದವು.

"ಒಳ್ಳೇ ಕಡ್ಡಿ, ಒಳ್ಳೇ ಕೈ ಇದ್ರೆ ಎಷ್ಟು ಹತ್ತಬೇಕು?"

"ಸುಮಾರು ಹದಿನೆಂಟು ಸಾರ್."

"ಕಡ್ಡಿ ಒಳ್ಳೇದು ಅಂತ ತೀರ್ಮಾನ ಆಗಿಹೋಗಿದೆ. ಒಂಬತ್ತು ಯಾವ ವಲಯಕ್ಕೆ ಬೀಳುತ್ತೆ?"

ನೀಲಕಂಠಸ್ವಾಮಿ ಒಂಬತ್ತನ್ನು ಕಾಗದದ ಮೇಲೆ ಬರೆದುಕೊಂಡ. ಬೀಳುವ ವಲಯ ಅವನಿಗೆ ಗೊತ್ತಿತ್ತು. ಅದನ್ನು ಗುರುತಿಸಿ ಕೊಟ್ಟವನೇ ಅವನು.

ಇಷ್ಟರಲ್ಲಿ ಶಿವರುದ್ರಸ್ವಾಮಿಯವರು ಸಿಗರೇಟು ಬಾಯಿಗಿಟ್ಟು ತಾವೂ ಕಡ್ಡಿ ಗೀರಿದರು. ಅದೂ ಹತ್ತಲಿಲ್ಲ. ಗುರುಮಲ್ಲಯ್ಯನವರು ನೆಲ ನೋಡಿದರು. ಗೆಜೆಟೆಡ್ ಅಧಿಕಾರಿಗಳ ಕೈಗೆ ಒಂದು ಕಡ್ಡಿಯ ಪರೀಕ್ಷೆಯೇ ಸಾಕು, ಅದರಲ್ಲಿ ತಿರಸ್ಕಾರ ವಲಯವೇ ಇರುವುದಿಲ್ಲ ಎಂದು ಅಧಿಕಾರಿಗಳು ಅಲ್ಲೇ ನಿಯಮ ಮಾಡಿ, ಸಿಗರೇಟನ್ನು ಜೇಬಿಗೆ ಹಾಕಿಕೊಂಡರು.

"ಇವರನ್ನ ವಜಾ ಮಾಡಿ ಬರೀರಿ."

ಪುಟ್ಟಮಾದಮ್ಮ ಅಳಲಿಲ್ಲ. ಮಸಿ ಹತ್ತಿದ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು, ಯಾರದೋ ವಸ್ತುವನ್ನು ಅಡಗಿಸುವವರಂತೆ ನಿಂತರು. ಅದನ್ನು ನೋಡಲಾಗದೆ, "ಆಗಲಿ ಸಾರ್" ಎನ್ನಲು ಬಾಯಿ ತೆರೆದ ನೀಲಕಂಠಸ್ವಾಮಿ ಬೇರೆಯದೇ ಮಾತಾಡಿಬಿಟ್ಟ.

"ಸಾರ್, ವಲಯಕ್ಕೆ ಬಿದ್ದಿರೋದು ಕೈ. ಅಡುಗೆಯವರು ಬಿದ್ದಿಲ್ಲ. ಮೊದಲು ಕೈಗೆ ತರಬೇತಿ ಕೊಟ್ಟು ನೋಡಬೇಕು. ತರಬೇತಿ ಅಂದ್ರೆ ಒಂದು ಕೇಂದ್ರ ಬೇಕಾಗುತ್ತೆ. ಕೇಂದ್ರಕ್ಕೆ ದಿನಾ ಬೇಕಾದಷ್ಟು ಬೆಂಕಿಪೊಟ್ಟಣ ಬೇಕಾಗುತ್ತೆ."

ಕೊನೆಯ ಮಾತಿಗೆ ಅಧಿಕಾರಿಗಳ ಮುಖ ಅರಳಿತು. ಭಾವನವರ ಮಾಲಿಗೆ ಇನ್ನೊಂದು ದಾರಿ ತೆರೆದಂತಾಯಿತು. ಕೇಂದ್ರ ಶುರುವಾಗುವ ತನಕ ಪುಟ್ಟಮಾದಮ್ಮ ಕೆಲಸದಲ್ಲಿ ಮುಂದುವರಿಯಬಹುದು, ಉಪ್ಪಿಟ್ಟು ಮಾತ್ರ ಹೊತ್ತಿಗೆ ಸರಿಯಾಗಿ ಆಗತಕ್ಕದ್ದು ಎಂದು ಆಜ್ಞೆಯಾಯಿತು.

ಹೊರಡುವಾಗ ನೀಲಕಂಠಸ್ವಾಮಿ ಹಿಂದೆ ಉಳಿದು ಮೆಲ್ಲಗೆ ಕೇಳಿದ: "ಅಮ್ಮ, ಬೇರೆ ಎಲ್ಲಾದರೂ ಬೆಂಕಿ ಸಿಗುತ್ತಾ?"

"ಇಂದಲ ಬೀದಿ ಮೂಗಮ್ಮ ಇಲ್ವಾ ಸ್ವಾಮಿ? ನಮ್ಮವ್ವನ ಕಾಲದಿಂದ್ಲೂ ಅವ್ರ್ ಮನೆ ಒಲೇಲಿ ಕೆಂಡ ಆರಿಲ್ಲ. ಒಂದು ಬೆರಣಿ ತಕಂಡೋಗಿ ಅಂಟುಸ್ಕಂಡ್ ಬಂದ್ರಾಯ್ತು. ಸರ್ಕಾರ್ದವ್ರು ಕಡ್ಡಿ ಕೊಟ್ಟವ್ರಲ್ಲ, ಗೀರ್ದೆ ಓದ್ರೆ ಏನಂದ್ಕತಾರೋ ಅಂತ ನಾ ಗೀರ್ತಿದ್ದಿ."

ಮಾರನೆಯ ದಿನದಿಂದ ಉಪ್ಪಿಟ್ಟು ಹೊತ್ತಿಗೆ ಮುಂಚೆಯೇ ಆಯಿತು. ಗುರುಮಲ್ಲಯ್ಯನವರು ಅದನ್ನು ವರದಿ ಮಾಡಿದರು. ಇಂಥ ಫಲಿತಾಂಶ ಎರಡೂ ತಾಲ್ಲೂಕಿನಲ್ಲಿ ಬೇರೆಲ್ಲಿಂದಲೂ ಬಂದಿರಲಿಲ್ಲ. ತರಬೇತಿಗೆ ಮೊದಲೇ ಗುಣವಾದ ಏಕೈಕ ಕೈ ಅದಾದ್ದರಿಂದ ಪುಟ್ಟಮಾದಮ್ಮನವರನ್ನೇ ಕಡ್ಡಿ ಗೀರುವ ತರಬೇತಿಯ ಶಿಕ್ಷಕಿಯನ್ನಾಗಿ ನೇಮಿಸಲಾಯಿತು.

ಅಷ್ಟರಲ್ಲಿ ತರಬೇತಿಗೆ ಜನ ಸಿಗಲೆಂದು ಕಚೇರಿಯ ಗುಮಾಸ್ತರೆಲ್ಲರ ಕೈಗಳನ್ನೂ ಪರೀಕ್ಷಿಸಿದ್ದರು. ಎಲ್ಲವೂ ವಲಯಕ್ಕೆ ಬಿದ್ದಿದ್ದವು. ನೀಲಕಂಠಸ್ವಾಮಿಯದು ಇಪ್ಪತ್ತಕ್ಕೆ ಹತ್ತು. ಮೊದಲು ನಕ್ಕುಬಿಟ್ಟಿದ್ದ. ಆಮೇಲೆ ಊಟಕ್ಕೆ ಕೂತಾಗೆಲ್ಲ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುವುದು ರೂಢಿಯಾಯಿತು. ಕೆಲಸ ಕಾಯಂ ಆದ ಕಾಗದ ಬಂದ ದಿನ, ಅವನಿಗೂ ಕೈ ಸ್ವಲ್ಪ ಎಡವಟ್ಟಾಗಿಯೇ ಇದೆ ಅನ್ನಿಸಿತು.

ಮೊದಲ ತರಗತಿ ಚಾಮರಾಜನಗರದ ಕಚೇರಿಯ ಅಂಗಳದಲ್ಲಿ ನಡೆಯಿತು. ಪ್ರೋತ್ಸಾಹ ಕೊಡಲು ಶಿವರುದ್ರಸ್ವಾಮಿಯವರು ಮುಂದಿನ ಸಾಲಿನಲ್ಲಿ ಕೂತರು. ಚಿಕ್ಕಮಲ್ಲಪ್ಪನವರು ಪೊಟ್ಟಣ ಹಂಚಿದರು. ಎಲ್ಲರೂ ಗೀರಲು ಸಿದ್ಧರಾದರು.

"ಅಂಗಲ್ಲ ಬುದ್ಧಿ, ತಡೀರಿ" ಎಂದರು ಪುಟ್ಟಮಾದಮ್ಮ. "ಮೊದ್ಲು ಒಲೆ ಅತ್ತುಸ್ಕಬೇಕು. ಗೀರೋದು ಆಮೇಲೆ."

ಎಲ್ಲರೂ ಬರೆದುಕೊಂಡರು. ಸೋಮಯ್ಯ ಎದುರಿನ ಕಾಫಿ ಕ್ಲಬ್ಬಿನಿಂದ ಉರಿಯುತ್ತಿದ್ದ ಇದ್ದಿಲೊಲೆಯೊಂದನ್ನು ಎತ್ತಿಕೊಂಡು ಬಂದು ನಡುವೆ ಇಟ್ಟ.

"ಈಗ ಗೀರಿ. ಗೀರ್ಬುಟ್ಟು ಇದುಕ್ಕೆ ಇಡೀರಿ."

"ಎಷ್ಟು ಗೀರಬೇಕಮ್ಮ?" ಎಂದು ಅಧಿಕಾರಿಗಳು ವಿನಯದಿಂದ ಕೇಳಿದರು.

"ಏಟಾರಾ ಗೀರಿ ಬುದ್ಧಿ. ಒಲೆ ಉರೀತಾ ಅದಲ್ಲ."

ಒಬ್ಬೊಬ್ಬರೂ ಇಪ್ಪತ್ತು ಗೀರಿ ಇಪ್ಪತ್ತನ್ನೂ ಒಲೆಗೆ ಹಿಡಿದರು. ಅಧಿಕಾರಿಗಳ ಸಿಗರೇಟೂ ಹತ್ತಿಕೊಂಡಿತು. ನೀಲಕಂಠಸ್ವಾಮಿ ಎಣಿಸಿದ: ಇಪ್ಪತ್ತಕ್ಕೆ ಇಪ್ಪತ್ತು. ಯಾವ ಕೈಯೂ ವಲಯಕ್ಕೆ ಬೀಳಲಿಲ್ಲ. ಚಪ್ಪಾಳೆಯಾಯಿತು. ಅವನು ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡು, ಈಗ ಎಷ್ಟೋ ವಾಸಿ ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನೂ ತನ್ನದನ್ನು ತೋರಿಸಿ ಹೌದೆಂದ.